ಸಕ್ಕರೆ ರಿಪೋರ್ಟಿನಲ್ಲಿ ಗಿಳಿಹಸಿರು ಸೀರೆ

ಖಾನಾಪುರದ ರಕ್ತ ತಪಾಸಣೆ ಕೇಂದ್ರದಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ತ್ರಿವೇಣಿಯನ್ನು, ಅವಳು ಮಾಡದ ತಪ್ಪಿಗೆ, ರೋಗಿಗಳು ಸಾಲಿನಲ್ಲಿ ನಿಂತು ನೋಡುತ್ತಿರುವಾಗಲೇ ಕೆಲಸದಿಂದ ತೆಗೆದರು.

ಆ ದಿನ ಸತ್ಯಪ್ಪನೆಂಬ ಮುದುಕನೊಬ್ಬ ತನ್ನ ಸಕ್ಕರೆ ರಿಪೋರ್ಟು ಒಯ್ಯಲು ಬಂದಿದ್ದ. ಕಾಗದದ ಮೇಲ್ತುದಿಯಲ್ಲಿ ಅವನ ಹೆಸರು, ವಯಸ್ಸು, ಊರು ಎಲ್ಲ ಸರಿಯಾಗಿಯೇ ಇತ್ತು. ಊಟಕ್ಕೆ ಮುಂಚಿನ ಸಕ್ಕರೆ ಎಷ್ಟು ಎಂದು ಇರಬೇಕಾದ ಜಾಗದಲ್ಲಿ ಮಾತ್ರ ‘ಗಿಳಿಹಸಿರು, ಕೆಂಪು ಅಂಚು, ಸೆರಗಿಗೆ ಜರಿ, ದೀಪಾವಳಿಯೊಳಗೆ ಬೇಕು’ ಎಂದು ಅಚ್ಚಾಗಿತ್ತು. ಸತ್ಯಪ್ಪ ಕಾಗದವನ್ನು ಮೂಗಿನ ತನಕ ಎಳೆದುಕೊಂಡು ಓದಿದ.

“ಡಾಕ್ಟರ, ನನಗ ಸಕ್ರಿ ಎಷ್ಟ್ ಐತಿ ಅಂತ ಕೇಳಿದ್ನಿ. ನೀವು ನಮ್ಮ ಮುದುಕಿಗೆ ಸೀರಿ ಬರದ್ ಕೊಟ್ಟೀರಲ್ಲ!”

ಸಾಲಿನಲ್ಲಿದ್ದವರು ಗೊಳ್ಳೆಂದು ನಕ್ಕರು. ಡಾಕ್ಟರು ನಗಲಿಲ್ಲ. ಕಂಪ್ಯೂಟರು ಬಾಡಿಗೆಗೆ ಕೊಟ್ಟಿದ್ದ ಬೆಳಗಾವಿಯ ಕಂಪನಿಗೆ ಅಲ್ಲೇ ನಿಂತು ಫೋನು ಮಾಡಿದರು. ಕಂಪನಿಯ ಮಾಲೀಕ ಶಶಿಧರ, “ನಮ್ಮ ಕಡೆ ಏನೂ ದೋಷಿಲ್ಲ ಡಾಕ್ಟರ. ನಿಮ್ಮ ಆಪರೇಟರ್ ಬಾಜುಕ ಸೀರಿ ವ್ಯಾಪಾರ ಇಟ್ಟಿರಬೇಕು, ನೋಡ್ರಿ” ಎಂದ. ವಡಗಾವಿಯ ಮಗ್ಗದ ಸೀರೆ ತಂದು ಮನೆಮನೆಗೆ ಮಾರುವ ಹೆಂಗಸರು ಖಾನಾಪುರದಲ್ಲಿ ಓಣಿಗೊಬ್ಬರು ಸಿಗುತ್ತಾರೆ. ಡಾಕ್ಟರಿಗೆ ಅಷ್ಟೇ ಸಾಕಾಯಿತು. ತ್ರಿವೇಣಿ ತನ್ನ ಊಟದ ಡಬ್ಬಿಯನ್ನೂ ಕೊಡೆಯನ್ನೂ ಎತ್ತಿಕೊಂಡು, ನಗುವವರ ನಡುವೆ ದಾರಿ ಮಾಡಿಕೊಂಡು ಹೊರಗೆ ಬಂದಳು.

ಶಶಿಧರನ ಕಂಪನಿಯಲ್ಲೇ ಕೆಲಸ ಮಾಡುವ ಪ್ರಮಿಳಾಗೆ ಈ ಸುದ್ದಿ ಆಫೀಸಿನಲ್ಲಿ ಸಿಗಲಿಲ್ಲ, ರೈಲಿನಲ್ಲಿ ಸಿಕ್ಕಿತು. ಲೋಂಡಾದ ಕಾಡು ದಾಟಿ ಬರುವ ಮುಂಜಾನೆಯ ಪ್ಯಾಸೆಂಜರು ಖಾನಾಪುರದಲ್ಲಿ ನಿಂತಾಗ ಅವಳು ದಿನವೂ ಹತ್ತುವ ಡಬ್ಬಿಗೆ, ಮರುದಿನ, ತ್ರಿವೇಣಿಯೂ ಹತ್ತಿದಳು. ಇಬ್ಬರೂ ಒಂದೇ ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕಲಿತವರು. ಪ್ರಮಿಳಾಳ ಮನೆತನದಲ್ಲಿ ಅವಳ ತಾಯಿ ಭರಮವ್ವನ ತನಕ ಎಲ್ಲರೂ ಎಮ್ಮೆ ಕಾಯ್ದವರು. ಎಮ್ಮೆ ಬಿಟ್ಟು ಕಂಪ್ಯೂಟರು ಕಾಯುವ ಮೊದಲನೆಯವಳು ಅವಳೇ. ಆ ಕೆಲಸವನ್ನು ಅವಳು ಗುಟ್ಟಾಗಿ ಬಹಳ ಪ್ರೀತಿಸುತ್ತಿದ್ದಳು.

“ಎಲ್ಲಿಗೆ ಹೊಂಟೀ?”

“ಬೆಳಗಾವಿಗೆ. ಕೆಲಸ ಹುಡಕಾಕ.” ತ್ರಿವೇಣಿ ನಡೆದದ್ದನ್ನೆಲ್ಲ ಹೇಳಿದಳು. ಹೇಳಿ ಮುಗಿಸುವುದರೊಳಗೆ ಎದುರಿನ ಸೀಟಿನ ಹೆಂಗಸೊಬ್ಬಳು ಮರಾಠಿಯಲ್ಲಿ, “ಕಾಯ್ ತ್ರಿವೇಣಿತಾಯಿ, ಆಮ್ಚಿ ಸಾಡಿ ಕಧೀ?” ಎಂದು, ತನ್ನ ಸೀರೆ ಯಾವಾಗ ಬರುತ್ತದೆ ಎಂದು ಕೇಳಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

“ನೋಡಿದೇನ? ನಿನ್ನಿ ಸಂಜಿಯಿಂದ ಇದ ನಡದೈತಿ. ಬಾಜಾರದಾಗೂ ಇದ. ಗುಡಿ ಮುಂದೂ ಇದ.”

“ನಾ ಇದ್ದೀನಿ. ಆ ಕೆಲಸ ನಿನಗ ಹೊಳ್ಳಿ ಕೊಡಸ್ತೀನಿ.”

“ಕೆಲಸ ಬೇರೆ ಸಿಗತೈತಿ ಪಮ್ಮಿ, ಅದಕ್ಕ ನಾ ಅಂಜೂದಿಲ್ಲ. ನಾ ತಪ್ಪು ಮಾಡಿಲ್ಲ ಅಂತ ಯಾರರೆ ಬಾಯಿ ಬಿಟ್ಟು ಹೇಳಬೇಕು. ತೆಗದು ಹಾಕೂಮುಂದ ಮಂದಿ ಇದ್ರು. ಹೇಳೂಮುಂದನೂ ಮಂದಿ ಇರಬೇಕು.”

ಪ್ರಮಿಳಾ ಹೂಂ ಎಂದಳು. ಹೂಂ ಎನ್ನುವುದು ಸುಲಭ. ತಾನು ಏನಕ್ಕೆ ಹೂಂ ಎಂದೆ ಎಂದು ಅವಳಿಗೆ ತಿಳಿದದ್ದು ಆಫೀಸಿಗೆ ಬಂದು ಕೂತ ಮೇಲೆ.

ಸದಾಶಿವನಗರದ ಆ ಕಂಪನಿ ಬಾಡಿಗೆಗೆ ಕೊಡುತ್ತಿದ್ದದ್ದು ಕಣ್ಣಿಗೆ ಕಾಣದ ಕಂಪ್ಯೂಟರುಗಳನ್ನು. ಒಳಕೋಣೆಯಲ್ಲಿ ಭರ್ ಎನ್ನುವ ಒಂದು ದೊಡ್ಡ ಮಷಿನ್ನು. ಅದರ ಹೊಟ್ಟೆಯಲ್ಲಿ ಹತ್ತಾರು ಚಿಕ್ಕ ಮಷಿನ್ನುಗಳು. ಪ್ರತಿಯೊಂದಕ್ಕೂ ಇಡೀ ಮನೆಗೆ ತಾನೊಬ್ಬನೇ ಯಜಮಾನ ಎಂಬ ಭ್ರಮೆ. ಈ ಭ್ರಮೆಯನ್ನು ಕಾಯುವ ಸಾಫ್ಟ್‌ವೇರಿಗೆ ಹೈಪರ್‌ವೈಸರ್ ಎಂದು ಹೆಸರು. ಶಶಿಧರ ಹರೆಯದಲ್ಲಿ ಅದನ್ನು ತಾನೇ ಕೂತು ಬರೆದಿದ್ದ. ಖಾನಾಪುರದ ಲ್ಯಾಬು ಒಂದು ಚಿಕ್ಕ ಮಷಿನ್ನಿನ ಬಾಡಿಗೆದಾರ, ವಡಗಾವಿಯ ನೇಕಾರರ ಸೊಸೈಟಿ ಇನ್ನೊಂದರದ್ದು. ಇಬ್ಬರೂ ಒಂದೇ ದೊಡ್ಡ ಮಷಿನ್ನಿನೊಳಗೆ ನೆರೆಹೊರೆಯವರು, ಒಬ್ಬರಿರುವುದು ಇನ್ನೊಬ್ಬರಿಗೆ ಗೊತ್ತಿಲ್ಲ, ಗೊತ್ತಾಗಲೂಬಾರದು.

ಸೀರೆ ಎಂದ ಕೂಡಲೇ ಪ್ರಮಿಳಾಗೆ ನೆನಪಾದದ್ದು ಆ ಸೊಸೈಟಿ. ಮಧ್ಯಾಹ್ನ ಊಟದ ಬಿಡುವಿನಲ್ಲಿ ವಡಗಾವಿಗೆ ಹೋದಳು. ಇಬ್ಬರು ಎದುರುಬದುರು ಬಂದರೆ ಒಬ್ಬರು ಕಟ್ಟೆ ಹತ್ತಬೇಕಾದ ಓಣಿ, ಎರಡೂ ಕಡೆ ಮಗ್ಗಗಳ ಖಟಪಟ. ಸೊಸೈಟಿಯ ಬಾಳವ್ವ ಆರ್ಡರು ಬರೆದುಕೊಳ್ಳುವವಳು. ಪ್ರಮಿಳಾ ಕೇಳಿದ್ದೇ ತಡ, “ಗಿಳಿಹಸಿರಾ? ಕೆಂಪಂಚಾ? ಅದು ನಮ್ಮದ ಐತೆಲ್ಲವಾ, ಮಗ್ಗದ ಮ್ಯಾಲ ಐತಿ” ಎಂದು ಒಳಗೆ ಕರೆದು ಅರ್ಧ ನೇಯ್ದ ಸೀರೆಯನ್ನೇ ತೋರಿಸಿದಳು. “ಯಾಕ? ನಿನಗೂ ಬೇಕೇನ?”

“ಬ್ಯಾಡ್ರಿ. ಇದು ಖಾನಾಪುರದಾಗ ಒಬ್ಬ ಮುದುಕನ ರಕ್ತದಾಗ ಸಿಕ್ಕೈತಿ.”

ಬಾಳವ್ವ ಅವಳನ್ನು ಮೇಲಿನಿಂದ ಕೆಳಗೆ ನೋಡಿ, “ನೀರು ಕುಡೀತಿ?” ಎಂದಳು.

ಅಂದರೆ ಎರಡು ಚಿಕ್ಕ ಮಷಿನ್ನುಗಳ ನಡುವಿನ ಗೋಡೆ ಎಲ್ಲೋ ಬಿರುಕು ಬಿಟ್ಟಿದೆ. ಲ್ಯಾಬಿನ ಮಷಿನ್ನು ತನ್ನ ಕೋಣೆ ಎಂದುಕೊಂಡು ಸೊಸೈಟಿಯ ಕೋಣೆಗೆ ಕೈ ಹಾಕಿದೆ. ಎಲ್ಲಿ ಎಂದು ಹುಡುಕಲು ಪ್ರಮಿಳಾ ವಾರದ ಉಳಿದ ದಿನಗಳನ್ನೆಲ್ಲ ಸವೆಸಿದಳು. ಪರೀಕ್ಷೆಗೆಂದೇ ಇಟ್ಟಿದ್ದ ಬೇರೊಂದು ಯಂತ್ರವನ್ನು ಚಾಲೂ ಮಾಡಿ, ಅದರೊಳಗೆ ಎರಡು ಚಿಕ್ಕ ಮಷಿನ್ನು ಹುಟ್ಟಿಸಿ, ಸಾಯಿಸಿ, ಮತ್ತೆ ಹುಟ್ಟಿಸಿ ನೋಡಿದಳು. ಎಲ್ಲವೂ ಸಾಧು ಹಸುವಿನ ಹಾಗೆ ಸರಿಯಾಗಿ ನಡೆದುಕೊಂಡವು. ಈ ಹುಡುಕಾಟವನ್ನು ನೋಡಿ ಶಶಿಧರ ನಗುತ್ತಿದ್ದ. “ಇಷ್ಟು ವರ್ಷದಾಗ ಒಮ್ಮೆರೆ ಆಗೇತೇನ್ ಪ್ರಮಿಳಾ? ಈಗ ಆಗಾಕ ಏನ್ ರೋಗ?” ಅವನ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಅವನು ಕೆಟ್ಟವನೂ ಅಲ್ಲ. ಫೋನಿನಲ್ಲಿ ಒಂದು ಮಾತು ಹೇಳಿ ಒಬ್ಬಳ ಅನ್ನ ಕಿತ್ತುಕೊಂಡದ್ದು ಅವನಿಗೆ ಮರೆತೇ ಹೋಗಿತ್ತು. ನಮ್ಮ ನಾಡಿನಲ್ಲಿ ಅನ್ನ ಕಿತ್ತುಕೊಳ್ಳುವ ಕೆಲಸ ಬಹುಮಟ್ಟಿಗೆ ಇಂಥ ಒಳ್ಳೆಯವರಿಂದಲೇ, ಚಹಾ ಕುಡಿಯುವ ಮಧ್ಯದಲ್ಲಿ ನಡೆದುಹೋಗುತ್ತದೆ.

ಆದರೆ ಅವನ ಪ್ರಶ್ನೆ ಸರಿಯಾಗಿಯೇ ಇತ್ತು. ಇಷ್ಟು ವರ್ಷ ಯಾಕೆ ಆಗಲಿಲ್ಲ?

ಉತ್ತರ ಶುಕ್ರವಾರ ಊಟದ ಹೊತ್ತಿಗೆ ಸಿಕ್ಕಿತು. ಆಫೀಸಿನ ಕಸ ಗುಡಿಸುವ ಭೀಮಕ್ಕ ಮತ್ತು ಪ್ರಮಿಳಾ ದಿನವೂ ಹಿಂದಿನ ಕಟ್ಟೆಯ ಮೇಲೆ ಡಬ್ಬಿ ಬಿಚ್ಚಿ, ಇವಳ ಪಲ್ಯ ಅವಳಿಗೆ ಅವಳ ಚಟ್ನಿ ಇವಳಿಗೆ ಹಂಚಿಕೊಂಡು ಉಣ್ಣುವುದು ರೂಢಿ. ಅಂದು ಪ್ರಮಿಳಾಳ ಬಾಡಿದ ಮುಖ ನೋಡಿ ಭೀಮಕ್ಕ ಸುಮ್ಮನಿರಲಾರದೆ ಹೇಳಿದಳು:

“ನೀ ಏನರೆ ಅನ್ನು ತಂಗಿ. ಆ ಮಷಿನ್ ಖೋಲಿ ಮ್ಯಾಲ ಯಾರದೋ ಕಣ್ಣ ಬಿದ್ದೈತಿ. ಎರಡು ಅಮಾಸಿ ಆತು, ಒಂದು ಕಾಯಿಲ್ಲ, ಒಂದು ನಿಂಬಿಹಣ್ಣಿಲ್ಲ.”

“ಮಷಿನ್ ನಿಂಬಿಹಣ್ಣು ತಿಂತೈತೇನ ಭೀಮಕ್ಕ?”

“ನಗು, ನಗು. ನಿಮ್ಮ ಸಾಹೇಬ್ರೂ ಹಿಂಗ ನಗ್ತಾರ ಈಗ. ಮೊದಲ ತಾವ ಗಂಟು ಬಿದ್ದು ಕಲ್ಲಯ್ಯಸ್ವಾಮಿಗೋಳನ್ನ ಪೂಜಿಗೆ ಕರಸ್ತಿದ್ರು.”

ಅದು ನಿಜ. ಬೆಳಗಾವಿಯಲ್ಲಿ ಅಮಾವಾಸ್ಯೆ ಬಂತೆಂದರೆ ಲಾರಿಗೂ ಹಿಟ್ಟಿನ ಗಿರಣಿಗೂ ಝೆರಾಕ್ಸ್ ಯಂತ್ರಕ್ಕೂ ಪೂಜೆ. ಶಶಿಧರನ ಕೋಣೆಯ ಗೋಡೆಯ ಮೇಲೆ ಬಸವಣ್ಣನ ಪಟ. ಮಷಿನ್ನಿನ ಕೋಣೆಯ ಬಾಗಿಲಿಗೆ ನಿಂಬೆಹಣ್ಣು ಮೆಣಸಿನಕಾಯಿ. ಒಂದನ್ನು ನೋಡಿದರೆ ಇನ್ನೊಂದಕ್ಕೆ ನಾಚಿಕೆಯಾಗಬೇಕು ಎಂದು ಪ್ರಮಿಳಾ ಸೇರಿದ ಹೊಸದರಲ್ಲೇ ಹೇಳಿ, ಅವನಿಂದ ನಗು ಪಡೆದಿದ್ದಳು. ಈಚೆಗೆ ಹುಬ್ಬಳ್ಳಿಯಿಂದ ಒಬ್ಬ ದೊಡ್ಡ ಗಿರಾಕಿ ಬಂದು, ಮಷಿನ್ನು ಒಂದು ಕ್ಷಣವೂ ನಿಲ್ಲಕೂಡದು ಎಂದು ಕರಾರು ಹಾಕಿದ ಮೇಲೆ, ಶಶಿಧರ ಕಲ್ಲಯ್ಯಸ್ವಾಮಿಗಳಿಗೆ ಕೈಮುಗಿದು, ಇನ್ನು ಬರುವುದು ಬೇಡ ಎಂದಿದ್ದ. ವಚನಗಳು ಎಷ್ಟೋ ಕಾಲದಿಂದ ಹೇಳುತ್ತ ಬಂದಿದ್ದು ಆಗಲಿಲ್ಲ, ಗಿರಾಕಿ ಒಂದು ಮಾತು ಹೇಳಿದ, ಆಯಿತು.

ಭೀಮಕ್ಕನ ಲಹರಿ ಮುಂದುವರಿದಿತ್ತು. “ಸ್ವಾಮಿಗೋಳು ಬಂದ ಕೂಡಲೆ ಸಾಹೇಬ್ರು ಎಲ್ಲಾ ಬಂದ್ ಮಾಡ್ತಿದ್ರು. ಆ ಭರ್ ಅನ್ನೂದು ನಿಂತು, ಖೋಲಿ ಹೆಂಗ್ ತಣ್ಣಗ ಆಗ್ತಿತ್ತು! ನಾ ಒರಸಿ ಸ್ವಚ್ಛ ಮಾಡ್ತಿದ್ನಿ. ಮಷಿನಿನ ಹಣಿಗೆ ಈಬತ್ತಿ ಹಚ್ಚಿ, ಕಾಯಿ ಒಡದು, ಮತ್ತ ಚಾಲೂ…”

ಪ್ರಮಿಳಾಳ ಕೈಯಲ್ಲಿದ್ದ ರೊಟ್ಟಿಯ ತುಣುಕು ಬಾಯಿಗೆ ಹೋಗುವುದರೊಳಗೆ ನಿಂತಿತು.

“ಬಂದ್ ಮಾಡ್ತಿದ್ರು.”

“ಹೂಂ ಮತ್ತ. ನಡಿಯೂ ಮಷಿನಿಗೆ ಈಬತ್ತಿ ಹೆಂಗ್ ಹಚ್ಚೂದು?”

“ಭೀಮಕ್ಕಾ!” ಎಂದವಳೇ ಪ್ರಮಿಳಾ ಆ ತುಣುಕನ್ನು ಭೀಮಕ್ಕನ ಬಾಯಿಗೇ ತುರುಕಿ ಒಳಗೆ ಓಡಿದಳು. ಭೀಮಕ್ಕ ಅಗಿಯುತ್ತ, ಈ ಹುಡುಗಿಗೂ ನಿಂಬೆಹಣ್ಣು ಇಳಿಸಬೇಕೇನೋ ಎಂದುಕೊಂಡಳು.

ಶಶಿಧರ ಬರೆದಿದ್ದ ಹೈಪರ್‌ವೈಸರಿನಲ್ಲಿ ಅವಳು ತೆರೆದದ್ದು ವಿಳಾಸದ ಭಾಗ. ಅಲ್ಲಿನ ಏರ್ಪಾಡು ಹೀಗೆ. ಚಿಕ್ಕ ಮಷಿನ್ನು ‘ನನ್ನ ಹತ್ತನೇ ಕೋಣೆ’ ಎಂದಾಗ ಅದು ದೊಡ್ಡ ಮಷಿನ್ನಿನಲ್ಲಿ ನಿಜಕ್ಕೂ ಎಲ್ಲಿದೆ ಎಂದು ಪ್ರತಿ ಸಲ ಹುಡುಕುತ್ತ ಕೂತರೆ ಹೊತ್ತು ಹೋಗುತ್ತದೆ. ಅದಕ್ಕೆ ಪ್ರೊಸೆಸರು ಈಗಷ್ಟೇ ಹುಡುಕಿದ ವಿಳಾಸಗಳನ್ನು ತನ್ನದೊಂದು ಪುಟ್ಟ ನೆನಪಿನಲ್ಲಿ ಇಟ್ಟುಕೊಂಡಿರುತ್ತದೆ. ಒಬ್ಬರ ಸರದಿ ಮುಗಿದು ಇನ್ನೊಬ್ಬರ ಸರದಿ ಬಂದಾಗ ಆ ನೆನಪನ್ನು ಪೂರ್ತಿ ತೊಳೆದು ಚೆಲ್ಲಬೇಕು. ಇದಕ್ಕೇ ಫ್ಲಶ್ ಮಾಡುವುದು ಎನ್ನುವುದು. ತೊಳೆದಷ್ಟೂ ಮಷಿನ್ನು ನಿಧಾನ. ಆದ್ದರಿಂದ ಶಶಿಧರ, ತೊಳೆಯುವ ಬದಲು, ಪ್ರತಿ ಹೊಸ ಮಷಿನ್ನಿಗೂ ಒಂದು ಹೊಸ ನಂಬರು ಕೊಟ್ಟು, ಅದರ ನೆನಪಿಗೆಲ್ಲ ಆ ನಂಬರನ್ನು ಅಂಟಿಸಿದ್ದ. ನಂಬರು ಬೇರೆಯಾದರೆ ನೆನಪು ಬೆರೆಯುವುದಿಲ್ಲ. ಜಾಣ ಉಪಾಯವೇ. ಆದರೆ ಗಿರಾಕಿಯ ಒಂದೊಂದು ಕೆಲಸಕ್ಕೂ ಚಿಕ್ಕ ಮಷಿನ್ನು ಹೊಸದಾಗಿ ಹುಟ್ಟಿ ಸಾಯುವುದರಿಂದ ದಿನಕ್ಕೆ ನೂರಾರು ನಂಬರು ಖರ್ಚು, ನಂಬರುಗಳಿಗೂ ಕೊನೆಯಿದೆ; ಅರವತ್ತೈದು ಸಾವಿರ ಚಿಲ್ಲರೆ ಆದ ಮೇಲೆ ಮತ್ತೆ ಒಂದರಿಂದ ಶುರು. ಆಗ, ಅದೊಂದು ಸಲವಾದರೂ, ಹಳೆಯದನ್ನೆಲ್ಲ ತೊಳೆಯಲೇಬೇಕು. ತೊಳೆಯುವ ಸಾಲು ಅಲ್ಲಿರಲಿಲ್ಲ. ಆ ಜಾಗದಲ್ಲಿ ಹರೆಯದ ಶಶಿಧರ ಕೆಳಗೆ ತನ್ನ ಹೆಸರು ಹಾಕಿ ಬರೆದಿಟ್ಟಿದ್ದ ಟಿಪ್ಪಣಿ ಒಂದಿತ್ತು: ‘ಇದು ತುಂಬುವುದಿಲ್ಲ.’

ತುಂಬಿರಲಿಲ್ಲ, ನಿಜ. ಪ್ರತಿ ಅಮಾವಾಸ್ಯೆಗೂ ಮಷಿನ್ನು ಆರಿ, ಎಣಿಕೆ ಮೊದಲಿಗೆ ಬಂದು, ನೆನಪು ತಾನಾಗಿಯೇ ಅಳಿಸಿಹೋಗುತ್ತಿತ್ತು. ಪೂಜೆ ನಿಂತಿತು, ಎಣಿಕೆ ನಿಲ್ಲಲಿಲ್ಲ. ಎರಡನೆಯ ಅಮಾವಾಸ್ಯೆ ಕಳೆದ ಮೇಲೆ ನಂಬರು ಮುಗಿದು, ಸೊಸೈಟಿಗೆ ಕೊಟ್ಟಿದ್ದ ಹಳೆಯ ನಂಬರೇ ಲ್ಯಾಬಿಗೂ ಸಿಕ್ಕಿತು. ಹಳೆಯ ನೆನಪು ಹೊಸಬನಿಗೆ ದಾರಿ ತೋರಿಸಿತು, ನೇರ ಬಾಳವ್ವನ ಆರ್ಡರಿಗೆ.

ಪ್ರಮಿಳಾ ಪರೀಕ್ಷೆಯ ಯಂತ್ರದಲ್ಲಿ ನಂಬರುಗಳ ಮಿತಿಯನ್ನು ಬೆರಳೆಣಿಕೆಗೆ ಇಳಿಸಿದಳು. ಒಂದು ಚಿಕ್ಕ ಮಷಿನ್ನಿನಲ್ಲಿ, ಎಮ್ಮೆ ಹಿಂಡುವ ಹೊತ್ತಿಗೆ ಅವಳವ್ವ ದಿನವೂ ಕೂಗುವ ಮಾತನ್ನು ಬರೆದಳು: ‘ಬಾರ ಕರಿಯವ್ವಾ ಬಾ’. ಉಳಿದ ಮಷಿನ್ನುಗಳನ್ನು ಹುಟ್ಟಿಸಿ ಸಾಯಿಸುತ್ತ ಹೋದಳು. ನಂಬರು ಮುಗಿದವು. ಏನೂ ಬರೆಯದ ಬೇರೊಂದು ಮಷಿನ್ನಿನ ಖಾಲಿ ಪರದೆಯ ಮೇಲೆ ‘ಬಾರ ಕರಿಯವ್ವಾ ಬಾ’ ಎಂದು ಮೂಡಿತು.

ಅವಳು ಕುರ್ಚಿಯ ಮೇಲೆ ಹಿಂದಕ್ಕೆ ಒರಗಿ ಆ ಮಾತನ್ನೇ ನೋಡುತ್ತ ಬಹಳ ಹೊತ್ತು ಕೂತಳು. ಕಿಟಕಿಯ ಹೊರಗೆ ಮಳೆ ಬಿಟ್ಟ ಬಿಸಿಲು. ಯಾರೋ ಸ್ಕೂಟರಿಗೆ ಒದೆಯುತ್ತಿದ್ದರು, ಅದು ಹತ್ತಿಕೊಳ್ಳಲೊಲ್ಲದು. ಬಾರದ ಎಮ್ಮೆ ಸಂಜೆಗೆ ತಾನಾಗಿ ಕೊಟ್ಟಿಗೆಗೆ ಬಂದು ನಿಂತಾಗ ಅವ್ವನ ಮುಖದಲ್ಲಿ ಕಾಣುತ್ತಿದ್ದ ಸುಖ ಇದೇ ಇರಬೇಕು ಎನಿಸಿತು.

ಸಂಜೆಯ ರೈಲಿನಲ್ಲಿ, ಕೆಲಸ ಹುಡುಕಿ ಮರಳುತ್ತಿದ್ದ ತ್ರಿವೇಣಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ತ್ರಿವೇಣಿಗೆ ಮೊದಲು ತಲೆಗೆ ಹತ್ತಲಿಲ್ಲ. “ನಿಮ್ಮ ಲ್ಯಾಬಿನಾಗ ರಕ್ತದ ನಳಿಗಿಗೆ ನಂಬರ್ ಹಚ್ಚತೀರಲ್ಲ” ಎಂದಳು ಪ್ರಮಿಳಾ. “ನಂಬರ್ ಮುಗದು ಮತ್ತ ಒಂದರಿಂದ ಚಾಲೂ ಆತು ಅನ್ನು. ಹಳೇ ಒಂದನೇ ನಳಿಗಿ ಇನ್ನೂ ಟ್ರೇದಾಗ ಐತಿ. ಏನಾಗತೈತಿ?”

“ಒಬ್ಬರ ರಕ್ತ ಇನ್ನೊಬ್ಬರಿಗೆ ಬೀಳತೈತಿ. ಅದಕ್ಕ ನಾವು ಮೊದಲ ಹಳೇವೆಲ್ಲ ಚೆಲ್ಲತೀವಿ.”

“ನಮ್ಮ ಸಾಹೇಬ್ರು ಚೆಲ್ಲಿರಲಿಲ್ಲ.”

ತ್ರಿವೇಣಿ ಕಿಟಕಿಯ ಸರಳಿಗೆ ಗಲ್ಲ ಒತ್ತಿಕೊಂಡು ನಕ್ಕಳು, ವಾರದಲ್ಲಿ ಮೊದಲ ಸಲ. “ಅಂದ್ರ ಸೀರಿ ಮಾರಿದಾವ ನಿಮ್ಮ ಶಶಿಧರ ಸಾಹೇಬ ಅನ್ನು!” ಆಮೇಲೆ, “ಇದನ್ನ ಅವರು ಹೇಳ್ತಾರೇನ?” ಎಂದಳು. ಎದುರಿನ ಸೀಟಿನಲ್ಲಿ ಆ ಮರಾಠಿ ಹೆಂಗಸು ಕಿವಿ ನೆಟ್ಟಗೆ ಮಾಡಿ ಕೂತಿದ್ದಳು.

ಶನಿವಾರ ಮುಂಜಾನೆ ಆಫೀಸಿಗೆ ಬಂದವಳೇ ಪ್ರಮಿಳಾ ಗಿರಾಕಿಗಳಿಗೆಲ್ಲ ಸೂಚನೆ ಕೊಟ್ಟು, ಹುಬ್ಬಳ್ಳಿಯ ಗಿರಾಕಿಯನ್ನೂ ಎರಡು ನಿಮಿಷಕ್ಕೆ ಒಪ್ಪಿಸಿ, ದೊಡ್ಡ ಮಷಿನ್ನನ್ನು ಒಮ್ಮೆ ಆರಿಸಿ ಮತ್ತೆ ಹಚ್ಚಿದಳು. ಭೀಮಕ್ಕ ಆ ಮೌನದ ಎರಡು ನಿಮಿಷದಲ್ಲಿ ಓಡಿಬಂದು ಕೋಣೆ ಒರೆಸಿಕೊಂಡು ಹೋದಳು. ಹೋಗುವಾಗ ಸೆರಗಿನ ಗಂಟಿನಿಂದ ಚಿಟಿಕೆ ವಿಭೂತಿ ತೆಗೆದು ಮಷಿನ್ನಿನ ಹಣೆಗೆ ಒರೆಸಿದ್ದನ್ನು ಪ್ರಮಿಳಾ ಕಂಡೂ ಕಾಣದಂತಿದ್ದಳು. ಆಮೇಲೆ ನಂಬರು ಮುಗಿದಾಗ ನೆನಪು ತೊಳೆಯುವ ಸಾಲನ್ನು ಸೇರಿಸಿ, ‘ಇದು ತುಂಬುವುದಿಲ್ಲ’ ಎಂಬುದನ್ನು ಅಳಿಸಿದಳು. ಯಾವ ಬದಲಾವಣೆ ಮಾಡಿದರೂ ಏನು, ಯಾಕೆ ಎಂದು ಬರೆದು, ಎಲ್ಲ ಗಿರಾಕಿಗಳೂ ಓದುವ ಪುಟದಲ್ಲಿ ಹಾಕುವುದು ಕಂಪನಿಯ ಪದ್ಧತಿ. ಕೊನೆಗೆ ಬಟನ್ ಒತ್ತಿದರೆ ತಿದ್ದಿದ ಕೋಡೂ ಈ ಬರಹವೂ ಒಟ್ಟಿಗೆ ಹೋಗುತ್ತವೆ, ಕೆಳಗೆ ಒತ್ತಿದವರ ಹೆಸರು ಬರುತ್ತದೆ. ಅವಳು ಬರೆದಳು. ಬರೆದದ್ದನ್ನು ತೋರಿಸಲು ಲ್ಯಾಪ್‌ಟಾಪ್ ಎತ್ತಿಕೊಂಡು ಶಶಿಧರನ ಕೋಣೆಗೆ ಹೋದಳು.

“ಬರ್ರಿ, ಕುಂದರ್ರಿ.” ಶಶಿಧರ ಕೋಡನ್ನೂ ಪರೀಕ್ಷೆಯನ್ನೂ ಕಣ್ಣರಳಿಸಿ ನೋಡಿದ. ಅವನು ನಿಜವಾದ ಇಂಜಿನಿಯರು. ತನ್ನದೇ ತಪ್ಪು ಸಿಕ್ಕಿಬಿದ್ದದ್ದಕ್ಕೂ ಅವನಿಗೆ ಒಂದು ಗಳಿಗೆ ಖುಷಿಯಾಯಿತು. “ಅಮಾಸಿ! ಏನ್ ಹುಡುಕಿ ತಗದೀರಿ ಮಾರಾಯ್ತಿ. ಕಲ್ಲಯ್ಯಸ್ವಾಮಿಗೋಳಿಗೆ ನಾವು ಪಗಾರ ಕೊಡಬೇಕಿತ್ತು ನೋಡ್ರಿ, ಮೇಂಟೆನನ್ಸ್ ಇಂಜಿನಿಯರ್ ಅಂತ.” ಚಹಾ ತರಿಸಿದ. ಅವಳೆದುರಿಗೇ ಖಾನಾಪುರದ ಡಾಕ್ಟರಿಗೆ ಫೋನು ಹಚ್ಚಿ, ಎಲ್ಲೋ ನೆಟ್‌ವರ್ಕಿನ ಗೊಂದಲ ಆಗಿತ್ತು, ಆ ಹುಡುಗಿಯನ್ನು ಸೋಮವಾರದಿಂದ ಕರೆಸಿಕೊಳ್ಳಿರಿ ಎಂದ. ಡಾಕ್ಟರು ಒಪ್ಪಿದರು. ಅವರಿಗೂ ಬೇರೆ ಆಪರೇಟರು ಸಿಕ್ಕಿರಲಿಲ್ಲ.

“ಆತಲ್ಲ? ನಿಮ್ಮ ಗೆಳತಿಗೆ ಕೆಲಸ ಸಿಕ್ತು. ಈಗ ಈ ಕಡೀ ಎರಡು ಸಾಲು ತಗದು ಹಾಕ್ರಿ” ಎಂದು ಪರದೆಯ ಮೇಲೆ ಬೆರಳಿಟ್ಟ.

ಆ ಸಾಲುಗಳು ಇಷ್ಟೇ: ‘ಖಾನಾಪುರದ ಲ್ಯಾಬಿನ ರಿಪೋರ್ಟಿನಲ್ಲಿ ಸೀರೆಯ ಆರ್ಡರು ಬಂದದ್ದು ನಮ್ಮ ಈ ತಪ್ಪಿನಿಂದ. ಅಲ್ಲಿನ ಆಪರೇಟರ್ ತ್ರಿವೇಣಿಯವರ ತಪ್ಪು ಏನೂ ಇಲ್ಲ.’

“ಯಾಕ್ರಿ ಸರ?”

“ಯಾಕಂದ್ರ? ಒಬ್ಬರ ಮನಿ ಇನ್ನೊಬ್ಬರಿಗೆ ಕಾಣತೈತಿ ಅಂತ ನಾವ ಡಂಗುರಾ ಹೊಡದ್ರ ಯಾವ ಗಿರಾಕಿ ನಿಂದರತಾನ? ‘ಸಣ್ಣಪುಟ್ಟ ಸುಧಾರಣೆ’ ಅಂತ ಬರೀರಿ, ಬಟನ್ ಒತ್ತರಿ, ಚಹಾ ಕುಡೀರಿ. ಕೆಲಸ ಸಿಕ್ಕ ಮ್ಯಾಲ ಆಕೀಗೆ ಇನ್ನೇನ್ ಬೇಕು?”

ಏನು ಬೇಕು ಎಂಬುದನ್ನು ತ್ರಿವೇಣಿ ರೈಲಿನಲ್ಲೇ ಹೇಳಿದ್ದಳು. ಸೋಮವಾರ ಅವಳು ಲ್ಯಾಬಿನ ಬಾಗಿಲು ದಾಟಿ ಹೋಗುತ್ತಾಳೆ. ಸಾಲಿನಲ್ಲಿ ನಿಂತವರು, ಡಾಕ್ಟರು ದೊಡ್ಡ ಮನಸ್ಸು ಮಾಡಿ ಸೀರೆಯವಳನ್ನು ಕ್ಷಮಿಸಿದರು ಎನ್ನುತ್ತಾರೆ. ಮಾಡದ ತಪ್ಪಿಗೆ ಶಿಕ್ಷೆ ತಿಂದವಳು ಇನ್ನು ಮಾಡದ ತಪ್ಪಿನ ಕ್ಷಮೆಯನ್ನೂ ಹೊತ್ತು ತಿರುಗಬೇಕು.

ಪ್ರಮಿಳಾ ಚಹಾ ಮುಗಿಸಿ ಬಸಿಯ ಮೇಲೆ ಕಪ್ಪನ್ನು ಮೆಲ್ಲಗೆ ಇಟ್ಟಳು. ಅವಳಿಗೆ ಸಿಟ್ಟು ಬರಲಿಲ್ಲ, ಆಶ್ಚರ್ಯವೆಂದರೆ ಅಂಜಿಕೆಯೂ ಬರಲಿಲ್ಲ. ಒಳಗೆ ನಿನ್ನೆ ಮಧ್ಯಾಹ್ನದ ಆ ಸುಖ ಇನ್ನೂ ಬೆಚ್ಚಗಿತ್ತು.

“ಅವಸರಿಲ್ಲ ರೀ ಸರ. ಮುಂಜಾನೆ ಮಷಿನ್ ಬಂದ್ ಮಾಡಿ ಚಾಲೂ ಮಾಡೇನಿ. ಮುಂದಿನ ಅಮಾಸಿ ತನಕ ಯಾರ ಮನಿ ಯಾರಿಗೂ ಕಾಣೂದಿಲ್ಲ. ನಿಮಗ ವಿಚಾರ ಮಾಡಾಕ ಬೇಕಾದಷ್ಟು ಟೈಮ್ ಐತಿ.”

“ವಿಚಾರ ಆಗೇತಿ. ನೀವು ಆ ಎರಡು ಸಾಲು ತಗೀರಿ, ಒತ್ತರಿ.”

“ನೀವ ತಗದು ನೀವ ಒತ್ತಬಹುದಲ್ರಿ. ಕೆಳಗ ನಿಮ್ಮ ಹೆಸರ ಬರತೈತಿ, ‘ಇದು ತುಂಬುವುದಿಲ್ಲ’ ಅನ್ನೂದರ ಕೆಳಗ ಇತ್ತಲ್ಲ, ಹಂಗ.”

ಶಶಿಧರನ ಕೈ ಲ್ಯಾಪ್‌ಟಾಪಿನ ಅರ್ಧ ದಾರಿಗೆ ಬಂದು, ಅಲ್ಲಿಯೇ ಚಹಾದ ಬಸಿಯನ್ನು ಅತ್ತ ಇತ್ತ ಸರಿಸಿತು. ಹೊರಗೆ ಭೀಮಕ್ಕನ ಕಸಬರಿಗೆಯ ಸಪ್ಪಳ ನಿಂತಿತ್ತು. ಬಾಗಿಲಿನಾಚೆ ಅವಳು ಕೇಳುತ್ತ ನಿಂತಿದ್ದಾಳೆಂಬುದು ಇಬ್ಬರಿಗೂ ಗೊತ್ತಿತ್ತು.

“ಪ್ರಮಿಳಾ, ನಾ ಮಾಲೀಕ ಇದ್ದೀನಿ. ಹೇಳ್ತೀನಿ, ಒತ್ತರಿ.”

ಪ್ರಮಿಳಾ ಎರಡೂ ಕೈಗಳನ್ನು ಕೀಲಿಗಳಿಂದ ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು.

“ಇಲ್ರಿ ಸರ. ಆ ಎರಡು ಸಾಲು ತಗದು ನಾ ಒತ್ತಂಗಿಲ್ಲ.”